ಏರಲ್ಲಿ ಬಿಸಿ, ಇಳಿಜಾರಲ್ಲಿ ತಣ್ಣಗೆ: ಹಳೇ ಕಾರಿನ ಹೀಟಿಂಗ್ ಪ್ರಾಬ್ಲಂ ಹುಡುಕಿದ ಕತೆ

ಕೊಡಗಿನ ಸಂಪಾಜೆ ಘಾಟಿಯಲ್ಲಿ ಜೋಡುಪಾಲ ದಾಟಿ ಎರಡು ತಿರುವು ಆಗಿತ್ತು ಅಷ್ಟೇ, ಟೆಂಪರೇಚರ್ ಮುಳ್ಳು ಮೇಲೆ ಹೋಗೋಕೆ ಶುರುವಾಯ್ತು. ಪುತ್ತೂರಲ್ಲಿ ಮದುವೆ ಮುಗಿಸಿ ವಾಪಸ್ ಬರ್ತಿದ್ವಿ, ಹಿಂದಿನ ಸೀಟಲ್ಲಿ ಅಮ್ಮ, ಚಿಕ್ಕಮ್ಮ, ಅವರಿಬ್ಬರ ಮಧ್ಯೆ ಒಂದು ಹಲಸಿನ ಹಣ್ಣು, ಎಸಿ ಓಡ್ತಾ ಉಂಟು, ಮುಂದೆ ಮರದ ಲಾರಿ ತೆವಳ್ತಾ ಉಂಟು. ಎಸಿ ಆಫ್ ಮಾಡ್ದೆ, ಹೀಟರ್ ಫುಲ್ ಹಾಕ್ದೆ, ಆದ್ರೂ ಮದೆನಾಡು ಬರೋಷ್ಟರಲ್ಲಿ ಮುಳ್ಳು ಕೆಂಪು ಗೆರೆ ಮುಟ್ಟಿತ್ತು. ಬದಿಗೆ ಹಾಕಿ ಆಫ್ ಮಾಡಿದ್ರೆ ಬಾನೆಟ್ ಸಂದಿಯಿಂದ ಹಬೆ. "ಮಗಾ, ಬೆಂಕಿ ಹತ್ತಿತಾ" ಅಂತ ಚಿಕ್ಕಮ್ಮ ಹಲಸಿನ ಹಣ್ಣು ಹಿಡ್ಕೊಂಡೇ ಇಳಿದ್ರು.

2004ರ ಮಾಡೆಲ್ ಸಣ್ಣ ಪೆಟ್ರೋಲ್ ಗಾಡಿ, ನಾನು ಮೂರನೇ ಓನರ್. ಯಾವ ಕಂಪನಿ ಅಂತ ಹೇಳಲ್ಲ, ಇಪ್ಪತ್ತು ವರ್ಷ ದುಡಿದ ಗಾಡಿಗೆ ಕಂಪನಿನ ಬೈದು ಏನು ಪ್ರಯೋಜನ. ಮರುದಿನ ಒಬ್ಬ ಮೆಕ್ಯಾನಿಕ್ ಹತ್ರ ತೋರಿಸಿದ್ರೆ, ರೇಡಿಯೇಟರ್ ಕ್ಯಾಪ್ ಕೂಡ ತೆಗೀದೆ "ಹೆಡ್ ಗ್ಯಾಸ್ಕೆಟ್ ಹೋಗಿದೆ ಅಣ್ಣಾ, ಹೆಡ್ ಇಳಿಸ್ಬೇಕು, 18 ಸಾವಿರ ಆಗ್ತದೆ" ಅಂದ. (ಎಂಜಿನ್ ಬ್ಲಾಕಿಗೂ ಅದರ ಮೇಲೆ ಕೂರೋ ಹೆಡ್ಡಿಗೂ ನಡುವೆ ಇರೋ ಸೀಲು ಅದು.) ನಂಗೆ ಆ ದುಡ್ಡು ಇರ್ಲಿಲ್ಲ, ಅದೇ ಒಳ್ಳೇದಾಯ್ತು. ಮೂರ್ನಾಡು ಹತ್ರದ ಮನೆಗೆ ತಂದು ಶೆಡ್ಡಲ್ಲಿ ನಿಲ್ಸಿ ಹನ್ನೊಂದು ದಿನ ಒಂದು ನೋಟ್ ಬುಕ್ ಇಟ್ಕೊಂಡು ಹುಡುಕಿದೆ. ಹೆಡ್ ಗ್ಯಾಸ್ಕೆಟ್ ಏನೂ ಆಗಿರ್ಲಿಲ್ಲ.

ಮೊದ್ಲು ಘಾಟಿಯಲ್ಲೇ ಕಾರು ಹೀಟಾದ್ರೆ ಏನ್ಮಾಡ್ಬೇಕು ಅಂತ ಹೇಳಿಬಿಡ್ತೇನೆ. ಎಸಿ ಆಫ್, ಹೀಟರ್ ಫುಲ್ ಬಿಸಿಗೆ, ಬ್ಲೋವರ್ ಜೋರು, ಕಿಟಕಿ ಇಳಿಸಿ. ಹೀಟರ್ ಅಂದ್ರೆ ಇನ್ನೊಂದು ಸಣ್ಣ ರೇಡಿಯೇಟರ್ ಇದ್ದ ಹಾಗೆ, ಎಂಜಿನ್ ಬಿಸಿನ ನಿಮ್ಮ ಕಾಲಿಗೆ ಎಳ್ಕೊಳ್ತದೆ. ಅದಕ್ಕೂ ಮುಳ್ಳು ಇಳೀಲಿಲ್ಲ ಅಂದ್ರೆ ಮುಂದೆ ಹೋಟ್ಲು ಉಂಟು ಅಂತೆಲ್ಲ ಕಾಯ್ಬೇಡಿ, ಜಾಗ ಸಿಕ್ಕ ಕಡೆ ನಿಲ್ಸಿ. ರೇಡಿಯೇಟರ್ ಕ್ಯಾಪ್ ಮುಟ್ಟಬೇಡಿ. ಅರ್ಧ ಮುಕ್ಕಾಲು ಗಂಟೆ ಬಿಟ್ಟು ಮೇಲಿನ ಹೋಸ್ (ಎಂಜಿನ್ನಿಂದ ರೇಡಿಯೇಟರಿಗೆ ಹೋಗೋ ದಪ್ಪ ರಬ್ಬರ್ ಪೈಪ್) ಹಿಸುಕಿ ಮೆತ್ತಗಾಗಿದ್ಯಾ ನೋಡಿ, ಆಮೇಲೆ ದಪ್ಪ ಬಟ್ಟೆ ಹಾಕಿ ನಿಧಾನಕ್ಕೆ ತೆಗೀರಿ, ನಮ್ಮೂರಲ್ಲೇ ಒಬ್ರಿಗೆ ಮುಖ ಪೂರ್ತಿ ಬೆಂದಿತ್ತು. ಕಾದ ಎಂಜಿನ್ನಿಗೆ ತೊರೆಯ ತಣ್ಣೀರು ಸುರಿಯೋದು ಇನ್ನೊಂದು ತಪ್ಪು, ಹೆಡ್ ಬೆಂಡ್ ಆಗ್ತದೆ ಇಲ್ಲ ಬಿರುಕು ಬಿಡ್ತದೆ, ಆಗ ನಿಜವಾಗ್ಲೂ 18 ಸಾವಿರ ಬೇಕಾಗ್ತದೆ.

ಯಾವಾಗ ಬಿಸಿ ಆಗ್ತದೆ?

ಪಾರ್ಟ್ಸ್ ತರೋಕೆ ಓಡೋ ಮುಂಚೆ ಇದೊಂದು ಪ್ರಶ್ನೆ ಕೇಳ್ಕೊಳ್ಳಿ, ಅರ್ಧ ಕೆಲ್ಸ ಮುಗೀತದೆ. ಮಡಿಕೇರಿ ಪೇಟೆ ಟ್ರಾಫಿಕ್ಕಲ್ಲಿ ನಿಂತಾಗ ಬಿಸಿಯಾಗಿ, ಕುಶಾಲನಗರ ರೋಡಲ್ಲಿ 60ರಲ್ಲಿ ಓಡಿಸಿದ್ರೆ ಸರಿ ಹೋಗ್ತದಾ? ಹಾಗಾದ್ರೆ ರೇಡಿಯೇಟರ್ ಫ್ಯಾನ್ ಕಡೆ ನೋಡಿ, ಓಡೋವಾಗ ಗಾಳಿ ತಾನಾಗೇ ಸಿಗ್ತದೆ, ನಿಂತಾಗ ಫ್ಯಾನೇ ಗತಿ. ಉಲ್ಟಾ, ನಿಂತಾಗ ಸರಿ, ಸ್ಪೀಡಲ್ಲಿ ಬಿಸಿ ಅಂದ್ರೆ ನೀರು ಸರಿಯಾಗಿ ಹರೀತಿಲ್ಲ, ರೇಡಿಯೇಟರ್ ಒಳಗೆ ಕಟ್ಟಿದೆ ಅಥವಾ ನೀರು ಸುತ್ತಿಸೋ ಪಂಪ್ ವೀಕು. ಸ್ಟಾರ್ಟ್ ಮಾಡಿ ನಾಲ್ಕೈದು ನಿಮಿಷಕ್ಕೇ ಏರಿದ್ರೆ ಥರ್ಮೋಸ್ಟಾಟ್ (ಎಂಜಿನ್ ಕಾದ ಮೇಲೆ ರೇಡಿಯೇಟರಿಗೆ ನೀರು ಬಿಡೋ ವಾಲ್ವ್) ಮುಚ್ಕೊಂಡೇ ಕೂತಿದೆ, ಇಲ್ಲ ನೀರೇ ಇಲ್ಲ. ಏರು ಹತ್ತೋವಾಗ ಮಾತ್ರ ಬಿಸಿ ಅನ್ನೋದು ನಮ್ಮ ಕಡೆಯ ಕಾಯಿಲೆ, ಅದರಲ್ಲಿ ಎಲ್ಲದೂ ಸೇರ್ಕೊಂಡಿರ್ಬಹುದು, ಯಾಕಂದ್ರೆ ಏರಲ್ಲಿ ಎಂಜಿನ್ನಿಗೆ ಭಾರ ಜಾಸ್ತಿ, ಗಾಳಿ ಕಮ್ಮಿ.

ಇನ್ನೊಂದು ಉಂಟು, ಇದನ್ನ ಯಾರೂ ಹೇಳಲ್ಲ. ಏರು ಹತ್ತಾ ಇರೋವಾಗ ಮುಳ್ಳು ಮೇಲೆ ಹೋಗಿ ಇದ್ದಕ್ಕಿದ್ದ ಹಾಗೆ ಕೆಳಗೆ ಬಿದ್ರೆ "ಅಬ್ಬಾ ತಣ್ಣಗಾಯ್ತು" ಅಂತ ಖುಷಿ ಪಡ್ಬೇಡಿ. ನೀರು ಇಳಿದು ಸೆನ್ಸರ್ ಖಾಲಿ ಜಾಗದಲ್ಲಿ ನಿಂತಿರ್ತದೆ, ಅದಕ್ಕೆ ನೀರಿನ ಬಿಸಿ ತಾಗ್ತಾ ಇಲ್ಲ. ಹೀಟರಿಂದ ಒಮ್ಮೆಲೇ ತಣ್ಣನೆ ಗಾಳಿ ಬಂದ್ರೂ ಅದೇ ಅರ್ಥ. ಆ ಕ್ಷಣ ಆಫ್ ಮಾಡಿ. ಮತ್ತೆ ಎಷ್ಟೋ ಕಾರುಗಳಲ್ಲಿ ಮುಳ್ಳು ಒಂದಷ್ಟು ಡಿಗ್ರಿ ಆಚೀಚೆ ಆದ್ರೂ ನಡುವಲ್ಲೇ ನಿಂತಿರೋ ಹಾಗೆ ಮಾಡಿರ್ತಾರೆ, ಹಾಗಾಗಿ ಅದು ಅರ್ಧ ದಾಟಿತು ಅಂದ್ರೆ ಆಗ್ಲೇ ತಡ ಆಗಿದೆ. ಒಬಿಡಿ ಪಾಯಿಂಟ್ (ಕಾರಿನ ಕಂಪ್ಯೂಟರ್ ಓದೋ ಪ್ಲಗ್) ಇರೋ ಗಾಡಿಯಾದ್ರೆ ಸಣ್ಣ ಬ್ಲೂಟೂತ್ ಡಬ್ಬಿ ಚುಚ್ಚಿ ಮೊಬೈಲಲ್ಲೇ ಡಿಗ್ರಿ ನೋಡ್ಕೊಳ್ಬಹುದು, ನನ್ನ ಗಾಡಿಗೆ ಆ ಭಾಗ್ಯ ಇಲ್ಲ.

ನಂದು ವಿಚಿತ್ರ ಕೇಸು. ಸಂಪಾಜೆ ಏರಲ್ಲಿ ಕೆಂಪು, ಆದ್ರೆ ಬೆಳಿಗ್ಗೆ ಸುಂಟಿಕೊಪ್ಪ ದಾಟಿ ಆನೆಕಾಡು ಕಡೆ ಇಳಿಯೋವಾಗ ಮುಳ್ಳು ಕಾಲು ಭಾಗಕ್ಕಿಂತ ಕೆಳಗೆ, ಹೀಟರ್ ಹಾಕಿದ್ರೆ ಉಗುರು ಬೆಚ್ಚಗೂ ಇಲ್ಲ. ಮಳೆಗಾಲದಲ್ಲಿ ಗ್ಲಾಸಿನ ಮಬ್ಬು ತೆಗೆಯೋಕೆ ಹೀಟರ್ ಬೇಕೇ ಬೇಕು ನಮ್ಗೆ, ಬಟ್ಟೆಯಲ್ಲಿ ಒರೆಸ್ಕೊಂಡು ಓಡಿಸ್ತಿದ್ದೆ. ಒಂದೇ ಗಾಡಿ ಬಿಸೀನೂ ಆಗ್ತದೆ ತಣ್ಣಗೂ ಆಗ್ತದೆ ಅಂದ್ರೆ ಒಂದೇ ರೋಗ ಆಗಿರಲಿಕ್ಕಿಲ್ಲ ಅಂತ ಆಗ್ಲೇ ಗೊತ್ತಾಗ್ಬೇಕಿತ್ತು.

ಕ್ಯಾಪ್, ಮತ್ತೆ ಮಡಿಕೇರಿ ಎತ್ತರ

ಮಡಿಕೇರಿ ಸಮುದ್ರದಿಂದ ಸುಮಾರು 1150 ಮೀಟರ್ ಮೇಲೆ ಉಂಟು. ಇಲ್ಲಿ ನೀರು 100 ಡಿಗ್ರಿಗೆ ಕುದಿಯಲ್ಲ, 96ರ ಹತ್ರ ಕುದೀತದೆ. ರೇಡಿಯೇಟರ್ ಕ್ಯಾಪ್ ಬರೀ ಮುಚ್ಚಳ ಅಲ್ಲ, ನಮ್ಮ ಕುಕ್ಕರಿನ ವೈಟ್ ಇದ್ದ ಹಾಗೆ, ಒಳಗೆ ಪ್ರೆಷರ್ ಹಿಡಿದಿಡ್ತದೆ. ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ 0.9 ಅಂತ ಕ್ಯಾಪ್ ಮೇಲೇ ಬರೆದಿರ್ತದೆ, ಅಷ್ಟು ಪ್ರೆಷರ್ ನಿಂತ್ರೆ ಮಡಿಕೇರೀಲೂ ನೀರು ಕುದಿಯೋಕೆ 115 ಡಿಗ್ರಿ ದಾಟ್ಬೇಕು. ಕ್ಯಾಪಿನ ರಬ್ಬರ್ ಸತ್ರೆ ಮತ್ತೆ 96. ಎಷ್ಟೋ ಕಾರಲ್ಲಿ ಫ್ಯಾನ್ ಆನ್ ಆಗೋದೇ 95 ಆಸುಪಾಸಲ್ಲಿ, ಅಂದ್ರೆ ಫ್ಯಾನ್ ಕಣ್ಣು ಬಿಡೋ ಹೊತ್ತಿಗೆ ಇಲ್ಲಿ ನೀರು ಆಗ್ಲೇ ಕುದೀತಿರ್ತದೆ. ಮಂಗಳೂರಲ್ಲಿ ಹೇಗೋ ಓಡ್ತಿದ್ದ ಗಾಡಿ ಇಲ್ಲಿಗೆ ಬಂದ ವಾರದಲ್ಲಿ ಹಬೆ ಬಿಡೋದು ಇದಕ್ಕೇ, "ಘಾಟಿ ಹತ್ತಿ ಎಂಜಿನ್ ಹೋಯ್ತು" ಅಂತಾರೆ, ಹೋಗಿರೋದು ಇನ್ನೂರು ಮುನ್ನೂರು ರೂಪಾಯಿಯ ಕ್ಯಾಪು.

ತಣ್ಣಗಿರೋವಾಗ ಕ್ಯಾಪ್ ತೆಗ್ದು ತಿರುಗಿಸಿ ನೋಡಿ. ನಂದರ ರಬ್ಬರ್ ಉಗುರು ಒತ್ತಿದ್ರೆ ಒತ್ತದಷ್ಟು ಗಟ್ಟಿ, ಅಂಚಲ್ಲಿ ಅಡ್ಡ ಬಿರುಕು, ನಡುವಿನ ಸಣ್ಣ ವಾಲ್ವ್ ತುಕ್ಕಲ್ಲಿ ಅಂಟಿತ್ತು. ಆ ಸಣ್ಣ ವಾಲ್ವ್ ಕೆಲ್ಸ ಏನಂದ್ರೆ, ಎಂಜಿನ್ ತಣ್ಣಗಾದಾಗ ಪಕ್ಕದ ರಿಸರ್ವ್ ಬಾಟ್ಲಿಗೆ ಹೋದ ನೀರನ್ನ ವಾಪಸ್ ಒಳಗೆ ಬಿಡೋದು. ಅದು ಅಂಟಿದ್ರೆ ಬೆಳಿಗ್ಗೆ ಮೇಲಿನ ಹೋಸ್ ಯಾರೋ ಹೀರಿದ ಹಾಗೆ ಚಪ್ಪಟೆ ಆಗಿರ್ತದೆ.

ಹಾಗಾಗಿ ನೋಟ್ ಬುಕ್ಕಿನ ಮೊದ್ಲ ಕೆಲ್ಸ ಇದು: ರಿಸರ್ವ್ ಬಾಟ್ಲಿ ಮೇಲೆ ಮಾರ್ಕರಲ್ಲಿ ಗೆರೆ ಎಳೀರಿ, ಪ್ರತಿ ಬೆಳಿಗ್ಗೆ ಸ್ಟಾರ್ಟ್ ಮಾಡೋ ಮುಂಚೆ ಮಟ್ಟ ಬರ್ಕೊಳ್ಳಿ, ಓಡಿಸಿ ಬಂದ್ಮೇಲೆ ಇನ್ನೊಮ್ಮೆ. ಬಿಸಿಯಲ್ಲಿ ಮೇಲೆ ಬಂದು ಬೆಳಿಗ್ಗೆ ಅದೇ ಗೆರೆಗೆ ಇಳಿದ್ರೆ ಆರೋಗ್ಯ. ಮೇಲೆ ಬಂದದ್ದು ಇಳೀಲೇ ಇಲ್ಲ ಅಂದ್ರೆ ಕೆಟ್ಟಿರೋದು ಕ್ಯಾಪ್, ಇಲ್ಲ ಬಾಟ್ಲಿಗೆ ಹೋಗೋ ಸಣ್ಣ ಪೈಪ್. ದಿನಾ ಕಮ್ಮಿ ಆಗ್ತಾ ಹೋದ್ರೆ ಎಲ್ಲೋ ಸೋರ್ತಾ ಉಂಟು. ನಂದು ಮೂರು ದಿನ ಮೇಲೇ ನಿಂತಿತ್ತು, ಹೊಸ ಕ್ಯಾಪ್ ಹಾಕಿದ ಮರುದಿನ ಗೆರೆಗೆ ಬಂತು. ಆದ್ರೂ ಅಪ್ಪಂಗಳ ಏರಲ್ಲಿ ಓಡಿಸಿ ನೋಡಿದ್ರೆ ಬಿಸಿ ಇದ್ದೇ ಇತ್ತು, ಕಮ್ಮಿ ಆಗಿತ್ತು ಅಷ್ಟೇ.

ಪೇಪರ್ ಟೆಸ್ಟ್

ಎಸಿ ಆನ್ ಮಾಡಿದ್ರೆ ಹೆಚ್ಚಿನ ಕಾರುಗಳಲ್ಲಿ ಫ್ಯಾನ್ ತಿರುಗ್ಬೇಕು. ತಿರುಗದಿದ್ರೆ ಫ್ಯೂಸ್ ನೋಡಿ, ರಿಲೇ ನೋಡಿ. ಎಷ್ಟೋ ಗಾಡಿಗಳಲ್ಲಿ ಹಾರ್ನಿನ ರಿಲೇಯೂ ಫ್ಯಾನಿನ ರಿಲೇಯೂ ಒಂದೇ ಥರದ್ದು, ಅದಲು ಬದಲು ಮಾಡಿದ್ರೆ ಗೊತ್ತಾಗ್ತದೆ. ರೇಡಿಯೇಟರಲ್ಲಿ ಎರಡು ವಯರಿನ ಫ್ಯಾನ್ ಸ್ವಿಚ್ ಇರೋ ಹಳೇ ಗಾಡಿಯಾದ್ರೆ ಅದರ ಕನೆಕ್ಟರ್ ಕಿತ್ತು ಕೀ ಆನ್ ಮಾಡಿ ಎರಡು ವಯರ್ ಸೇರ್ಸಿ, ಫ್ಯಾನ್ ತಿರುಗಿದ್ರೆ ಸ್ವಿಚ್ ಸತ್ತಿದೆ, ತಿರುಗದಿದ್ರೆ ಮೋಟರ್ ಅಥವಾ ವಯರಿಂಗ್. ತೋಟದ ಶೆಡ್ಡಲ್ಲಿ ನಿಲ್ಲೋ ಗಾಡಿಗಳ ವಯರನ್ನ ಇಲಿ ಕಚ್ಚಿ ಇಟ್ಟಿರ್ತದೆ, ಮೀಟರ್ ಹಿಡಿಯೋ ಮೊದ್ಲು ಟಾರ್ಚ್ ಹಿಡೀರಿ. ಬೆರಳು, ಶಾಲು, ಜ್ಯಾಕೆಟಿನ ದಾರ ಫ್ಯಾನಿಂದ ದೂರ ಇರಲಿ, ಕೀ ತೆಗ್ದಿದ್ರೂ ಕೆಲವು ಗಾಡಿಗಳಲ್ಲಿ ಫ್ಯಾನ್ ತಿರುಗ್ತದೆ.

ನಂದು ತಿರುಗ್ತಿತ್ತು, ಸದ್ದೂ ಚೆನ್ನಾಗಿತ್ತು, ಅದಕ್ಕೇ ನಾಲ್ಕು ದಿನ ಆ ಕಡೆ ನೋಡ್ಲೇ ಇಲ್ಲ. ಐದನೇ ದಿನ ಸುಮ್ನೆ ಶಕ್ತಿ ಪೇಪರಿನ ಒಂದು ಹಾಳೆ ತಗೊಂಡು ಮುಂದಿನ ಗ್ರಿಲ್ಲಿಗೆ ಹಿಡಿದೆ. ಫ್ಯಾನ್ ಗಾಳಿ ಒಳಗೆ ಎಳೀಬೇಕು, ಪೇಪರ್ ಗ್ರಿಲ್ಲಿಗೆ ಅಂಟ್ಕೊಂಡು ನಿಲ್ಬೇಕು. ಜಾರಿ ಬಿತ್ತು. ಇನ್ನೊಮ್ಮೆ ಹಿಡಿದೆ, ಮತ್ತೆ ಬಿತ್ತು. (ಪೇಪರ್ ಹೊರಗೆ ಹಾರಿದ್ರೆ ಯಾರೋ ಮೋಟರ್ ಬದಲಿಸೋವಾಗ ವಯರ್ ತಿರುಗುಮುರುಗು ಕೊಟ್ಟಿದ್ದಾರೆ, ಫ್ಯಾನ್ ಉಲ್ಟಾ ತಿರುಗ್ತಾ ಉಂಟು ಅಂತ ಅರ್ಥ, ಅದೂ ಆಗ್ತದೆ.)

ಎಸಿ ಕಂಡೆನ್ಸರ್ ಮುಂದೆ, ರೇಡಿಯೇಟರ್ ಹಿಂದೆ, ನಡುವೆ ಎರಡು ಬೆರಳು ಜಾಗ. ಮೇಲಿನ ಎರಡು ಬೋಲ್ಟ್ ಬಿಚ್ಚಿ ರೇಡಿಯೇಟರನ್ನ ಸ್ವಲ್ಪ ಹಿಂದೆ ಬಾಗಿಸಿ ಟಾರ್ಚ್ ಬಿಟ್ಟೆ. ಮುಂದಿಂದ ನೋಡಿದ್ರೆ ಕಂಡೆನ್ಸರ್ ಕ್ಲೀನ್, ಹಿಂದೆ ಕಂಬಳಿ. ಸಿಲ್ವರ್ ಓಕಿನ ಎಲೆ ಚೂರು, ತೋಟದ ರಸ್ತೆಯ ಕೆಂಪು ಮಣ್ಣು, ಮೊದಲ ಮಳೆಗೆ ಏಳೋ ಗೆದ್ದಲಿನ ರೆಕ್ಕೆಗಳು, ಎಲ್ಲ ಎಣ್ಣೆ ಜೊತೆ ಸೇರಿ ಹಪ್ಪಳದ ಥರ ಕೆಳಗಿನ ಅರ್ಧ ಭಾಗಕ್ಕೆ ಅಂಟಿತ್ತು. ಅಂಚು ಹಿಡಿದು ಎಳೆದ್ರೆ ಅಂಗೈಯಗಲ ಒಂದೇ ಹಾಳೆಯಾಗಿ ಬಂತು, ರೇಡಿಯೇಟರ್ ಫಿನ್ನಿನ ಗೆರೆಗಳು ಅದರ ಮೇಲೆ ಅಚ್ಚು ಬಿದ್ದಿದ್ವು. ಇಷ್ಟು ವರ್ಷ ಗಾಡಿ ತೊಳೆದವರೆಲ್ಲ ಮುಂದಿಂದ ನೀರು ಹೊಡೆದು ಕಸನ ಇನ್ನೂ ಒಳಗೆ ತಳ್ಳಿದ್ದಾರೆ. ತೊಳೆಯೋದು ಹಿಂದಿಂದ ಮುಂದಕ್ಕೆ, ತೋಟದ ಪೈಪಿನ ಸಾಮಾನ್ಯ ನೀರಲ್ಲಿ, ಪ್ರೆಷರ್ ವಾಷರ್ ಹತ್ರ ಹಿಡಿದ್ರೆ ಫಿನ್ ಮಡಚಿ ಹೋಗ್ತದೆ. ಒಂದು ಗಂಟೆ ಬೇಕಾಯ್ತು, ಆಮೇಲೆ ಪೇಪರ್ ಅಂಟಿತು.

ಆವತ್ತೇ ಸಂಜೆ ಅದೇ ಅಪ್ಪಂಗಳ ಏರಿಗೆ ಹೋದೆ, ಮುಳ್ಳು ಅರ್ಧದ ಮೇಲೆ ಒಂದು ಕೂದಲು ಹೋಗಿ ನಿಂತಿತು. ಹೆಚ್ಚು ಕಮ್ಮಿ ಗೆದ್ದ ಹಾಗೆ.

ಥರ್ಮೋಸ್ಟಾಟ್ ಇರ್ಲೇ ಇಲ್ಲ

ತಣ್ಣಗಾಗೋ ರೋಗ ಉಳ್ಕೊಂಡಿತ್ತಲ್ಲ. ಬೆಳಿಗ್ಗೆ ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿ ರೇಡಿಯೇಟರಿಗೆ ಹೋಗೋ ಮೇಲಿನ ಹೋಸ್ ಮೇಲೆ ಕೈ ಇಡಿ. ಥರ್ಮೋಸ್ಟಾಟ್ ಸರಿ ಇದ್ರೆ ಎಂಜಿನ್ ಬಿಸಿಯಾದ್ರೂ ಹೋಸ್ ತುಂಬಾ ಹೊತ್ತು ತಣ್ಣಗೇ ಇರ್ತದೆ, ಆಮೇಲೆ ವಾಲ್ವ್ ತೆರೆದಾಗ ಒಮ್ಮೆಲೇ ಕೈ ಸುಡ್ತದೆ. ನಂದು ಮೊದ್ಲಿಂದ್ಲೇ ಎಂಜಿನ್ ಜೊತೆ ನಿಧಾನಕ್ಕೆ ಬೆಚ್ಚಗಾಗ್ತಾ ಹೋಯ್ತು. ಹೌಸಿಂಗ್ ಬಿಚ್ಚಿದ್ರೆ ಒಳಗೆ ಏನೂ ಇಲ್ಲ, ಸುತ್ತ ಕೆಂಪು ಸೀಲೆಂಟ್ ಮಾತ್ರ. ಹಿಂದೆ ಯಾರೋ ಹೀಟಾಗ್ತದೆ ಅಂತ ಥರ್ಮೋಸ್ಟಾಟನ್ನೇ ಕಿತ್ತು ಬಿಸಾಕಿ ಮಾರಿದ್ದಾರೆ, ಜ್ವರಕ್ಕೆ ಥರ್ಮಾಮೀಟರ್ ಒಡೆದ ಹಾಗೆ. ಬಯಲು ಸೀಮೆಯಲ್ಲೂ ಇದನ್ನ ಮಾಡ್ತಾರೆ, "ನಮ್ಮ ಹವಾಮಾನಕ್ಕೆ ಅದು ಬೇಡ" ಅಂತಾರೆ. ಬೇಕು. ಇಲ್ಲದಿದ್ರೆ ಎಂಜಿನ್ ಸರಿಯಾದ ಬಿಸಿಗೆ ಬರೋದೇ ಇಲ್ಲ, ಪೆಟ್ರೋಲ್ ಜಾಸ್ತಿ ಕುಡೀತದೆ, ಹೀಟರ್ ಸತ್ತ ಹಾಗೆ. ಕೆಲವು ಎಂಜಿನ್ನಲ್ಲಿ ಥರ್ಮೋಸ್ಟಾಟ್ ತೆರೆಯೋವಾಗ ಬೈಪಾಸ್ ದಾರೀನ ಮುಚ್ಚೋ ಕೆಲ್ಸಾನೂ ಅದರದ್ದೇ, ಅದು ಇಲ್ಲದಿದ್ರೆ ಬಿಸಿ ನೀರಲ್ಲಿ ಒಂದು ಪಾಲು ರೇಡಿಯೇಟರಿಗೆ ಹೋಗದೆ ಎಂಜಿನ್ನಲ್ಲೇ ಸುತ್ತು ಹಾಕ್ತದೆ, ಅಂದ್ರೆ ತೆಗೆದದ್ದರಿಂದ ಏರಲ್ಲಿ ಬಿಸಿ ಜಾಸ್ತೀನೇ ಆಗ್ತದೆ.

ಹೊಸತು ತಂದ್ರೂ ಹಾಕೋ ಮುಂಚೆ ಟೆಸ್ಟ್ ಮಾಡಿ. ಅದರ ಮೇಲೆ 82, 88 ಹೀಗೆ ಅಚ್ಚು ಇರ್ತದೆ, ತೆರೆಯೋಕೆ ಶುರುವಾಗೋ ಡಿಗ್ರಿ. ವಾಲ್ವಿನ ಸಂದಿಗೆ ಒಂದು ನೂಲು ಸಿಕ್ಕಿಸಿ ನೀರಿನ ಪಾತ್ರೆಯಲ್ಲಿ ತಳ ಮುಟ್ಟದ ಹಾಗೆ ನೇತು ಹಾಕಿ ಕಾಯಿಸಿ, ತೆರೆದ ಕೂಡ್ಲೇ ನೂಲಿಂದ ಜಾರಿ ಥರ್ಮೋಸ್ಟಾಟ್ ಟಣ್ ಅಂತ ತಳಕ್ಕೆ ಬೀಳ್ತದೆ. 82ರದ್ದು ಪೂರ್ತಿ ತೆರೆಯೋಕೆ 95ರ ಹತ್ರ ಬೇಕು, 88ರದ್ದಕ್ಕೆ ಇನ್ನೂ ಜಾಸ್ತಿ, ನಮ್ಮಲ್ಲಿ ನೀರು ಕುದಿಯೋದೇ 96ಕ್ಕೆ, ಹಾಗಾಗಿ 88 ಅಂತ ಬರೆದ ಥರ್ಮೋಸ್ಟಾಟ್ ಇಲ್ಲಿ ಪಾತ್ರೆಯಲ್ಲಿ ಪೂರ್ತಿ ತೆರೀಲಿಲ್ಲ ಅಂತ ಅಂಗಡಿಯವನ ಜೊತೆ ಜಗಳಕ್ಕೆ ಹೋಗ್ಬೇಡಿ. ಅಮ್ಮನ ಚಾ ಪಾತ್ರೆ ಮಾತ್ರ ತಗೋಬೇಡಿ, ನಾನು ತಗೊಂಡಿದ್ದೆ, ಇವತ್ತಿಗೂ ಹೇಳ್ತಾರೆ.

ಸೋರೋದು, ಮತ್ತೆ ಗಾಳಿ

ಮಳೆಗಾಲದಲ್ಲಿ ಸೋರಿಕೆ ಹುಡುಕೋದು ಕಷ್ಟ ಮಾರಾಯ್ರೆ, ಗಾಡಿ ಕೆಳಗೆ ಎಲ್ಲ ಕಡೆ ನೀರೇ. ಶೆಡ್ಡಲ್ಲಿ ರಾತ್ರಿ ರಟ್ಟು ಹಾಸಿ ಇಡಿ, ಬೆಳಿಗ್ಗೆ ಕಲೆ ಎಲ್ಲಿ ಬಿದ್ದಿದೆ ನೋಡಿ. ಕೂಲೆಂಟ್ (ರೇಡಿಯೇಟರ್ ನೀರಿಗೆ ಬೆರೆಸೋ ದ್ರವ) ಒಣಗಿದ ಕಡೆ ಬಿಳಿ ಇಲ್ಲ ಹಸಿರು ಪುಡಿ ಕಟ್ಟಿರ್ತದೆ: ಹೋಸಿನ ಕ್ಲಿಪ್ ಹತ್ರ, ರೇಡಿಯೇಟರಿನ ಪ್ಲಾಸ್ಟಿಕ್ ಟ್ಯಾಂಕೂ ಅಲ್ಯೂಮಿನಿಯಮ್ಮೂ ಸೇರೋ ಅಂಚಲ್ಲಿ, ವಾಟರ್ ಪಂಪಿನ ಕೆಳಗಿನ ಸಣ್ಣ ತೂತಲ್ಲಿ. ಮುಂದಿನ ಸೀಟಿನ ಕಾಲಡಿ ಕಾರ್ಪೆಟ್ ಒದ್ದೆಯಾ? ಮಳೆ ನೀರಾದ್ರೆ ಬರೀ ನೀರು, ಹೀಟರ್ ಕೋರಿಂದ (ಹೀಟರಿನ ಆ ಸಣ್ಣ ರೇಡಿಯೇಟರಿಂದ) ಬಂದದ್ದಾದ್ರೆ ಬೆರಳಿಗೆ ಜಾರ್ತದೆ, ಸಿಹಿ ವಾಸನೆ ಬರ್ತದೆ, ಗ್ಲಾಸಿಗೆ ಒರೆಸಿದ್ರೂ ಹೋಗದ ಜಿಡ್ಡು. ಕಣ್ಣಿಗೆ ಕಾಣದಿದ್ರೆ ರೇಡಿಯೇಟರ್ ಅಂಗಡಿಯಲ್ಲಿ ಕೈ ಪಂಪಿನ ಪ್ರೆಷರ್ ಟೆಸ್ಟರ್ ಹಾಕ್ಸಿ, ಕ್ಯಾಪ್ ಮೇಲೆ ಬರೆದಷ್ಟೇ ಪ್ರೆಷರ್ ಕೊಟ್ಟು ಹತ್ತು ನಿಮಿಷ ಬಿಟ್ರೆ ಮುಳ್ಳು ಇಳೀಬಾರ್ದು.

ಅರಿಶಿನ ಪುಡಿ ಹಾಕಿದ್ರೆ ಸೋರೋದು ನಿಲ್ತದೆ ಅಂತ ಹಳಬರು ಹೇಳ್ತಾರೆ, ನಿಲ್ತದೆ ಕೂಡ, ಮನೆ ತಲುಪೋಕೆ ಸಾಕು. ಆಮೇಲೆ ಅದೇ ಪುಡಿ ಹೀಟರ್ ಕೋರಲ್ಲಿ ಹೋಗಿ ಕೂರ್ತದೆ.

ನೀರು ಬದಲಿಸಿದ ಮೇಲೆ ಒಳಗೆ ಗಾಳಿ ಸಿಕ್ಕಿಕೊಂಡ್ರೆ ಹೊಸ ಪಾರ್ಟ್ಸ್ ಹಾಕಿದ್ರೂ ಹೀಟಾಗ್ತದೆ. ಇದಕ್ಕೆ ನಮ್ಮೂರು ಒಳ್ಳೇದು, ಎಲ್ಲಿ ನೋಡಿದ್ರೂ ಏರು. ಮೂತಿ ಮೇಲಾಗೋ ಹಾಗೆ ನಿಲ್ಸಿ, ಹ್ಯಾಂಡ್ ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಟ್ಟು, ತಣ್ಣಗಿರೋವಾಗ್ಲೇ ಕ್ಯಾಪ್ ತೆಗ್ದು, ಹೀಟರ್ ಫುಲ್ ಬಿಸಿಗೆ ಇಟ್ಟು ಸ್ಟಾರ್ಟ್ ಮಾಡಿ. ಹೋಸ್ ಹಿಸುಕ್ತಾ ಇರಿ, ಗುಳುಗುಳು ಅಂತ ಗಾಳಿ ಬಂದ ಹಾಗೆ ಮಟ್ಟ ಇಳೀತದೆ, ತುಂಬಿಸ್ತಾ ಹೋಗಿ. ನೀರು ಉಕ್ಕೋಕೆ ಶುರುವಾದ್ರೆ ಕ್ಯಾಪ್ ಹಾಕಿ ಆಫ್ ಮಾಡಿ, ತಣಿದ ಮೇಲೆ ಇನ್ನೊಮ್ಮೆ.

ತುಂಬಿಸೋದು ಏನು ಅಂದ್ರೆ ಕೂಲೆಂಟ್ ಅರ್ಧ, ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ವಾಟರ್ ಅರ್ಧ. ಇಲ್ಲಿ ಹಿಮ ಬೀಳಲ್ಲ, ಯಾಕೆ ಕೂಲೆಂಟ್ ಅಂತ ಕೇಳ್ತಾರೆ, ಅದು ತುಕ್ಕು ತಡೆಯೋಕೆ, ಕುದಿಯೋ ಬಿಂದು ಏರಿಸೋಕೆ. ವರ್ಷಗಟ್ಲೆ ಬೋರಿನ ನೀರು ಹಾಕಿದ ಗಾಡಿಯಲ್ಲಿ ರೇಡಿಯೇಟರ್ ಟ್ಯೂಬಲ್ಲಿ ಕಂದು ಕೆಸರು, ಪಂಪಿನ ರೆಕ್ಕೆ ತುಕ್ಕಲ್ಲಿ ಸವೆದಿರ್ತದೆ. ತೆಗ್ದ ಹಳೇ ಕೂಲೆಂಟನ್ನ ಅಂಗಳದಲ್ಲಿ ಪಾತ್ರೆಯಲ್ಲಿ ಬಿಡ್ಬೇಡಿ, ಅದು ಸಿಹಿ, ನಾಯಿ ನೆಕ್ತದೆ, ಸ್ವಲ್ಪ ನೆಕ್ಕಿದ್ರೂ ಕಿಡ್ನಿ ಹೋಗಿ ಸಾಯ್ತದೆ. ನಮ್ಮ ಕಡೆ ನಾಯಿ ಇಲ್ಲದ ಮನೆ ಎಲ್ಲುಂಟು.

ಹೆಡ್ ಗ್ಯಾಸ್ಕೆಟ್, ಕೊನೆಗೆ

ಎಲ್ಲರೂ ಮೊದ್ಲು ಹೇಳೋ ಇದನ್ನ ನೀವು ಕೊನೆಗೆ ನೋಡಿ. ಆಯಿಲ್ ಕ್ಯಾಪ್ ಕೆಳಗೆ ಹಾಲಿನ ಕೆನೆ ಥರ ಇದ್ರೆ ಗ್ಯಾಸ್ಕೆಟ್ ಹೋಗಿದೆ ಅಂತಾರೆ. ಜುಲೈಯಲ್ಲಿ ದಿನಾ ಎರಡು ಕಿಲೋಮೀಟರ್ ಅಂಗಡಿಗೆ ಹೋಗಿ ಬರೋ ಗಾಡಿಗೆ ಆ ಕೆನೆ ಬರ್ತದೆ, ಎಂಜಿನ್ ಪೂರ್ತಿ ಕಾಯದೆ ತೇವ ಅಲ್ಲೇ ಕಟ್ಟಿರ್ತದೆ, ನನ್ನ ಮೆಕ್ಯಾನಿಕ್ಕಿಗೆ ಸಾಕ್ಷಿ ಅಂತ ಕಂಡಿದ್ದೂ ಅದೇ ಇರ್ಬೇಕು. ಡಿಪ್ ಸ್ಟಿಕ್ (ಆಯಿಲ್ ಮಟ್ಟ ನೋಡೋ ಕಡ್ಡಿ) ಎಳೆದು ನೋಡಿ, ಅದರಲ್ಲೂ ಚಾ ಬಣ್ಣ ಬಂದಿದ್ರೆ ಮಾತ್ರ ಚಿಂತೆ. ಹಾಗೇ ಡಿಸೆಂಬರ್ ಬೆಳಿಗ್ಗೆ ಸೈಲೆನ್ಸರಿಂದ ಬಿಳಿ ಹೊಗೆ ಎಲ್ಲಾ ಗಾಡಿಗೂ ಬರ್ತದೆ, ಬಿಸಿಯಾದ ಮೇಲೂ ನಿಲ್ಲದೆ ಸಿಹಿ ವಾಸನೆ ಹೊಡೆದ್ರೆ ಬೇರೆ ಮಾತು.

ನಿಜವಾದ ಗುರುತು: ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿ ಒಂದೇ ನಿಮಿಷಕ್ಕೆ ಮೇಲಿನ ಹೋಸ್ ಕಲ್ಲಾಗೋದು, ಕ್ಯಾಪ್ ತೆಗ್ದು ಸ್ಟಾರ್ಟ್ ಮಾಡಿದ್ರೆ ಸಣ್ಣ ಗುಳ್ಳೆ ನಿಲ್ಲದೆ ಬರ್ತಾ ಆಕ್ಸಿಲರೇಟರ್ ಕೊಟ್ಟ ಹಾಗೆ ಜಾಸ್ತಿ ಆಗೋದು, ಹೊರಗೆ ಒಂದು ಹನಿ ಸೋರದೆ ನೀರು ಖಾಲಿ ಆಗೋದು. ಇದರಲ್ಲಿ ಎರಡು ಇದ್ರೆ ನೀಲಿ ದ್ರವದ ಬ್ಲಾಕ್ ಟೆಸ್ಟ್ ಮಾಡ್ಸಿ, ರೇಡಿಯೇಟರ್ ಬಾಯಿಯ ಗಾಳಿ ಎಳೆದಾಗ ಪೆಟ್ರೋಲ್ ಗಾಡಿಯಲ್ಲಿ ಅದು ಹಳದಿ ಆದ್ರೆ ಹೆಡ್ ಇಳಿಸೋದೇ. ನಂದು ನೀಲಿಯಾಗೇ ಉಳಿಯಿತು.

ಹನ್ನೊಂದನೇ ದಿನ ಅಮ್ಮ, ಚಿಕ್ಕಮ್ಮ ಇಬ್ಬರನ್ನೂ ಕೂರಿಸ್ಕೊಂಡು ಸಂಪಾಜೆ ತನಕ ಇಳಿದು ವಾಪಸ್ ಹತ್ತಿದೆ, ಇಳಿಯೋವಾಗ ಹೀಟರ್ ಕಾಲು ಸುಟ್ಟಿತು, ಹತ್ತೋವಾಗ ಮುಳ್ಳು ಅರ್ಧ ಬಿಟ್ಟು ಅಲ್ಲಾಡ್ಲಿಲ್ಲ. ಒಟ್ಟು ಖರ್ಚು ಎರಡು ಸಾವಿರದ ಚಿಲ್ಲರೆ, ಅದರಲ್ಲಿ ಒಂದು ಹೊಸ ಚಾ ಪಾತ್ರೆ. ನೋಟ್ ಬುಕ್ ಇನ್ನೂ ನಡೀತಾ ಉಂಟು, ಎರಡು ತಿಂಗಳಿಗೆ ಬಾಟ್ಲಿಯಲ್ಲಿ ಒಂದು ಬೆರಳು ನೀರು ಇಳಿದಿದೆ, ಪಂಪಿನ ಕೆಳಗಿನ ತೂತಲ್ಲಿ ಹಸಿರು ಪುಡಿ ಕಾಣ್ತಿದೆ. ಅದು ಟೈಮಿಂಗ್ ಬೆಲ್ಟಿನ ಪಕ್ಕದಲ್ಲೇ ಇರೋದ್ರಿಂದ ಮುಂದಿನ ವಾರ ಬೆಲ್ಟ್, ಪಂಪ್ ಎರಡೂ ಒಟ್ಟಿಗೆ ಹಾಕಿಸೋಕೆ ಹೇಳಿದ್ದೇನೆ, ಬೇರೆ ಮೆಕ್ಯಾನಿಕ್ ಹತ್ರ.